ಗರಸು ದಾರಿಗೆ ಟೆಂಡರ್ ಕರೆಯಲಿರುವ ಸಾಹೇಬರಿಗೆ

ಗೆ,
ಕೊಪ್ಪಳ ಜಿಲ್ಲೆಯ ಗುಡ್ಡಗಳಲ್ಲಿ ವಾಹನವಿಲ್ಲದ ಸೈಕಲ್ ಮಾರ್ಗ ಮಾಡಲು ಮುಂದೆಂದಾದರೂ ನೇಮಕವಾಗಲಿರುವ ಸಲಹೆಗಾರ ಸಾಹೇಬರು.

ಇಂದ,
ಗಂಗಾವತಿ ತಾಲೂಕಿನ ಒಂದು ಕ್ರಾಸಿನಲ್ಲಿ ಪಂಕ್ಚರ್ ಹಾಕುವವ.

ವಿಷಯ: ಇರುವ ದಾರಿಯನ್ನು ಹೊಸದಾಗಿ ಮಾಡದೇ ಇರುವ ಕುರಿತು.

ಮಾನ್ಯರೆ,

ನಿಮ್ಮ ನೇಮಕ ಇನ್ನೂ ಆಗಿಲ್ಲ, ನಿಮ್ಮ ಯೋಜನೆಗೆ ಹೆಸರೂ ಇಟ್ಟಿಲ್ಲ. ಗೊತ್ತಿದ್ದೇ ಬರೆಯುತ್ತಿದ್ದೇನೆ. ನಮ್ಮ ಕಡೆ ಒಂದು ಯೋಜನೆ ಬಂದಿದೆ ಅಂತ ತಿಳಿಯುವುದೇ ಅದರ ಅಡಿಗಲ್ಲಿಗೆ ಹೂವಿನ ಹಾರ ಬಿದ್ದಮೇಲೆ. ಆಗ ಕೊಟ್ಟ ಅರ್ಜಿ ಕಡತದೊಳಗೆ ಹೋಗಿ ಮಲಗುತ್ತದೆ. ಅದಕ್ಕೇ ಕಡತ ಹುಟ್ಟುವ ಮೊದಲೇ ಅರ್ಜಿ.

ಕೊಪ್ಪಳದ ಗವಿಮಠದ ಜಾತ್ರೆ ಮುಗಿದ ಮರುವಾರ ಬೆಂಗಳೂರಿನ ಹುಡುಗನೊಬ್ಬ ಅಂಗಡಿ ಮುಂದೆ ಸೈಕಲ್ ಇಳಿಸಿದ. ಹ್ಯಾಂಡಲ್ಲು ರೇಸ್ ಸೈಕಲಿನಂತೆ ಟಗರಿನ ಕೊಂಬು, ಟಾಯರು ಮಾತ್ರ ದಪ್ಪ. ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಸ್ಟ್ಯಾಂಡೂ ಇಲ್ಲ. ಬೆಲೆ ಕೇಳಿದೆ. ಹೇಳಿದ. ಅಷ್ಟು ಕೊಟ್ಟವನಿಗೆ ಒಂದು ಸ್ಟ್ಯಾಂಡ್ ಕೊಡಲಿಲ್ಲವಲ್ಲ ಅಂತ ನನಗೇ ಬೇಜಾರಾಯಿತು.

"ಅಂಕಲ್, ಇಲ್ಲಿ ಟಾರ್ ಇಲ್ಲದ ರೋಡ್ ಎಲ್ಲಿದೆ?" ಅಂದ.

"ತಮ್ಮಾ, ಟಾರ್ ಇರೋ ರೋಡ್ ಎಲ್ಲೈತಿ ಅಂತ ಕೇಳು, ಬೆರಳ ಮೇಲೆ ಎಣಿಸಿ ಹೇಳ್ತೀನಿ" ಅಂದೆ.

ಅವನು ನಗಲಿಲ್ಲ. ಇದಕ್ಕೆ ಗ್ರಾವೆಲ್ ಸೈಕ್ಲಿಂಗ್ ಅನ್ನುತ್ತಾರೆ, ಜಗತ್ತಿನಲ್ಲಿ ಈಗ ಇದರದೇ ಹವಾ ಅಂತ ವಿವರಿಸಿದ. ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ ಎಂಪೋರಿಯ ಅನ್ನುವ ಊರಿದೆಯಂತೆ. 2006ರಲ್ಲಿ ಅಲ್ಲಿ 34 ಜನ ಕಲ್ಲುದಾರಿಯಲ್ಲಿ 200 ಮೈಲಿ ಸೈಕಲ್ ಹೊಡೆದರಂತೆ. ಇವತ್ತು ಅದೇ ಪಂದ್ಯಕ್ಕೆ ಸಾವಿರಾರು ಜನ ಸೇರುತ್ತಾರೆ, 2022ರಿಂದ ಗರಸು ದಾರಿಗೆಂದೇ ವಿಶ್ವ ಚಾಂಪಿಯನ್‌ಷಿಪ್ ನಡೆಯುತ್ತಿದೆ.

ಸಾಹೇಬರೆ, 2006 ಅಂದ ಕೂಡಲೇ ನನ್ನ ಕಿವಿ ನಿಮಿರಿತು. ನಮ್ಮ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ್ದೂ 2006-07ರಲ್ಲೇ. ಅಲ್ಲಿ 34 ಜನ ಹುರಿಯಾಳುಗಳು ಹೊರಟ ಕಾಲಕ್ಕೆ ಇಲ್ಲಿ ಎರಡು ಜಡೆಯ ಹುಡುಗಿಯರು, ಕ್ಯಾರಿಯರ್‌ಗೆ ಪಾಟಿಚೀಲ ಸಿಕ್ಕಿಸಿ, ಹಿಂದೆ ಒಬ್ಬ ತಂಗಿಯನ್ನೂ ಕೂರಿಸಿಕೊಂಡು ಕಾಲುವೆ ದಂಡೆಯ ಗರಸಿನಲ್ಲಿ ಹೈಸ್ಕೂಲಿಗೆ ಹೊರಟಿದ್ದರು. ಹೊಸ ಸೈಕಲ್ ಅಂದರೆ ಎರಡನೇ ದಿನ ನಟ್ಟು ಬಿಗಿ ಮಾಡಲೇಬೇಕು. ಆ ವಾರ ನನ್ನ ಅಂಗಡಿ ಮುಂದೆ ರೇಷನ್ ಅಂಗಡಿಗಿಂತ ಉದ್ದ ಸಾಲು. ನನ್ನ ಮಗಳೂ ಮುಂದೆ ಅದೇ ದಾರಿಯಲ್ಲಿ ಮೂರು ವರ್ಷ ಓಡಾಡಿದಳು, ದಿನಕ್ಕೆ ಹನ್ನೆರಡು ಕಿಲೋಮೀಟರ್, ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲ ತಲೆಗೆ ಕಟ್ಟಿಕೊಂಡು. ಅವಳಿಗೆ ಯಾರೂ ಪದಕ ಕೊಡಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದಳು, ಅಷ್ಟೆ. ಕೊರೊನಾ ಬಂದಾಗ ಸರ್ಕಾರ ಸೈಕಲ್ ಕೊಡುವುದು ನಿಂತಿತು. ಆಮೇಲೆ ಹೊಸದೊಂದು ನಟ್ಟು ಬಿಗಿ ಮಾಡಿಸಲು ನನ್ನಲ್ಲಿಗೆ ಬಂದದ್ದು ನಾ ಕಾಣೆ.

ಇರಲಿ, ನಿಮ್ಮ ಯೋಜನೆಗೆ ಬರುತ್ತೇನೆ. ಅದು ಹೇಗಿರುತ್ತದೆ ಅಂತ ನನಗೆ ಈಗಲೇ ಕಾಣುತ್ತಿದೆ. ವಾಹನವಿಲ್ಲದ ದಾರಿ ಅಲ್ಲವೇ, ಆದ್ದರಿಂದ ಮೊದಲು ಇನ್ನೂರು ಕಾರು ನಿಲ್ಲುವ ಪಾರ್ಕಿಂಗ್. ಆಮೇಲೆ ಆನೆಗೊಂದಿಯ ಕಮಾನನ್ನು ಹೋಲುವ ಸಿಮೆಂಟಿನ ಕಮಾನು, ಅಸಲಿ ಕಮಾನಿನಿಂದ ಕೂಗಳತೆಯಲ್ಲಿ. ಆಮೇಲೆ ಆಳೆತ್ತರದ 'ಐ ಲವ್' ಅಕ್ಷರಗಳು. ಕೊನೆಗೆ ಹಣ ಉಳಿದರೆ ದಾರಿ. ಇರುವ ಗರಸನ್ನು ಜೆಸಿಬಿಯಿಂದ ಕೆರೆದು, ಕಾಂಕ್ರೀಟ್ ಹಾಸಿ, ಅದರ ಮೇಲೆ ಗರಸಿನ ಬಣ್ಣದ ಪೇವರ್ಸ್ ಕೂರಿಸುತ್ತೀರಿ. 'ಗರಸು ದಾರಿ' ಅನ್ನುವ ಫಲಕಕ್ಕೆ ಪ್ರತ್ಯೇಕ ಟೆಂಡರ್.

ಒಂದು ವಿಷಯ ದಯವಿಟ್ಟು ಬರೆದಿಟ್ಟುಕೊಳ್ಳಿ, ಎಸ್ಟಿಮೇಟಿನಲ್ಲಿ ತಪ್ಪಾಗುತ್ತದೆ. ಗರಸು ಬೇರೆ, ಖಡಿ ಬೇರೆ. ಸಾಣಾಪುರ, ಆನೆಗೊಂದಿ, ಮಲ್ಲಾಪುರದ ಸುತ್ತ ಒಂದರ ಮೇಲೊಂದು ಕೂತ ಬಂಡೆಗಳಿವೆಯಲ್ಲ, ಅವು ಸುಮಾರು 250 ಕೋಟಿ ವರ್ಷದ ಗ್ರಾನೈಟು. ಹಗಲು ಕಾಯ್ದು ರಾತ್ರಿ ಆರಿ, ಮಳೆನೀರು ಕುಡಿದು, ಈರುಳ್ಳಿಯಂತೆ ಪದರು ಪದರಾಗಿ ಸುಲಿದು, ಉದುರಿದ ಪುಡಿಯೇ ಗರಸು. ಅಂಚು ಸವೆದಿರುತ್ತದೆ, ಟಾಯರನ್ನು ಕೊಯ್ಯುವುದಿಲ್ಲ. ಖಡಿ ಹಾಗಲ್ಲ, ಅದು ಖಡಿ ಮಷೀನಿನಲ್ಲಿ ಅದೇ ಬಂಡೆಯನ್ನು ಒಂದು ತಾಸಿನಲ್ಲಿ ಒಡೆದದ್ದು, ನಾಲ್ಕೂ ಕಡೆ ಚೂರಿ. ಗುತ್ತಿಗೆದಾರರು ಗರಸಿನ ಬಿಲ್ಲಿಗೆ ಖಡಿ ಸುರಿದರೆ ನನ್ನ ಅಂಗಡಿಗೆ ಲಾಭ. ಸತ್ಯ ಹೇಳಬೇಕಲ್ಲ, ಅದಕ್ಕೆ ಹೇಳಿದೆ.

ಎಲ್ಲ ತಾಲೂಕಿಗೂ ಒಂದೇ ನಕ್ಷೆ ಅಂಟಿಸಬೇಡಿ. ಯಲಬುರ್ಗಾ, ಕುಷ್ಟಗಿ ಕಡೆ ಎರೆ ಹೊಲದ ದಾರಿ ಹಿಡಿದರೆ ಬೇಸಿಗೆಯಲ್ಲಿ ಸಿಮೆಂಟು, ಒಂದು ಹದ ಮಳೆ ಬಿತ್ತೋ, ಮಣ್ಣು ಚಕ್ರಕ್ಕೆ ಸುತ್ತಿ ಸೈಕಲ್ಲೇ ನಿಮ್ಮ ಹೆಗಲೇರುತ್ತದೆ. ಕೊಪ್ಪಳದ ಮಸಾರಿ ಸೌಮ್ಯ, ನೀರು ಬೇಗ ಇಂಗುತ್ತದೆ. ಗಂಗಾವತಿಯಲ್ಲಿ ಕಾಲುವೆ ದಂಡೆ ಬಿಟ್ಟು ಇಳಿದರೆ ಬತ್ತದ ಗದ್ದೆ. ಎಲ್ಲ ಕಡೆಗೂ ಸಮಾನವಾಗಿ ಹಂಚಿಕೆಯಾಗಿರುವುದು ನೆಗ್ಗಿಲ ಮುಳ್ಳು ಮತ್ತು ಬಳ್ಳಾರಿ ಜಾಲಿ. ಅಭಿವೃದ್ಧಿಯಲ್ಲಿ ತಾಲೂಕು ತಾಲೂಕಿಗೆ ತಾರತಮ್ಯ ಅನ್ನುವವರು ಬಂದು ಮುಳ್ಳು ನೋಡಲಿ.

ಟ್ರಾಫಿಕ್ ಅಂದರೆ ಏನು ಅಂತಲೂ ಮೊದಲೇ ತೀರ್ಮಾನವಾಗಲಿ. ಕುರಿ ಹಿಂಡು ವಾಹನವೋ? ಎದುರಿಗೆ ಬಂದ ಕುರಿಗಾರ ದಾರಿ ಬಿಡಬೇಕೋ, ಬೆಂಗಳೂರಿನ ಹುಡುಗ ಬಿಡಬೇಕೋ? ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ 332 ಎಕರೆಯ ತೋಳಧಾಮವಿದೆ. ತೋಳಕ್ಕೂ ವಾಹನವಿಲ್ಲದ ದಾರಿಯೇ ಬೇಕು, ಸೈಕಲ್ಲೂ ಬೇಡ. ಅದಕ್ಕೆ ಅರ್ಜಿ ಬರೆಯಲು ಬರುವುದಿಲ್ಲ, ಹಾಗಾಗಿ ಅದರ ಪರವಾಗಿಯೂ ಇದರಲ್ಲೇ ಸೇರಿಸಿದ್ದೇನೆ. ಇನ್ನು ಡಾಂಬರು ರಸ್ತೆ. ನಾವು ಅದನ್ನು ವಾಹನಕ್ಕೆಂದು ಕೇಳಿದೆವು ಅಂದುಕೊಂಡಿದ್ದೀರಿ. ಸುಗ್ಗಿಯಲ್ಲಿ ಬಂದು ನೋಡಿ, ಅದು ನಮ್ಮ ಕಣ. ಹುರುಳಿ ಹರವಿದರೆ ನಿಮ್ಮ ಟಂಟಂ, ಟಿಪ್ಪರು ತುಳಿದು ಒಕ್ಕಿ ಕೊಡುತ್ತವೆ, ಪುಕ್ಕಟೆ.

ಹಿರೇಬೆಣಕಲ್ ಗುಡ್ಡವನ್ನೂ ಸರ್ಕಿಟ್ಟಿಗೆ ಸೇರಿಸಬೇಕು ಅಂತ ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. 2021ರಲ್ಲಿ ಅದು ಯುನೆಸ್ಕೊದ ತಾತ್ಕಾಲಿಕ ಪಟ್ಟಿ ಸೇರಿದ ಮೇಲೆ ಎಲ್ಲರಿಗೂ ಅದರ ಮೇಲೆ ಪ್ರೀತಿ. ಎರಡು ಸಾವಿರ ವರ್ಷಕ್ಕೂ ಹಳೆಯ ಕಲ್ಲಿನ ಗೋರಿಗಳವು, ನಮ್ಮವರು ಮೋರ್ಯರ ಮನೆ ಅನ್ನುತ್ತಾರೆ. ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಹೊದಿಸಿದ್ದು, ಮುಂದಿನ ಚಪ್ಪಡಿಗೆ ದುಂಡನೆಯ ಕಿಂಡಿ. ಅಲ್ಲಿಗೆ ಸೈಕಲ್ ಹೋಗುವುದಿಲ್ಲ, ಕಾಲಲ್ಲೇ ಹತ್ತಬೇಕು. ಮೋರ್ಯರು ದಾರಿ ಮಾಡಿಸಲಿಲ್ಲ. ಅವರ ಕೆಲಸ ಇವತ್ತಿಗೂ ನಿಂತಿರುವುದಕ್ಕೆ ಅದೂ ಒಂದು ಕಾರಣ ಇರಬಹುದು.

ಹಾಗಾದರೆ ನೀವು ಮಾಡಬೇಕಾದ್ದೇನು? ಹಳ್ಳಿಯಿಂದ ದವಾಖಾನೆಗೆ ಹೋಗುವ ದಾರಿಗೆ ಡಾಂಬರು ಹಾಕಿ. 'ಗರಸೇ ಈಗ ಫ್ಯಾಷನ್' ಅಂತ ನೆಪ ಹೇಳಿ ಅದನ್ನು ಮುಂದೂಡಬೇಡಿ, ಬಸುರಿ ಹೆಂಗಸಿಗೆ ಫ್ಯಾಷನ್ ಬೇಡ. ಕಾಲುವೆ ದಂಡೆಗೆ ಟಿಪ್ಪರ್ ನುಗ್ಗದಂತೆ ಎರಡು ಕಲ್ಲು ನೆಡಿ, ನಡುವೆ ಒಂದು ಹ್ಯಾಂಡಲ್ಲು ಹಿಡಿಸುವಷ್ಟು ಜಾಗ ಬಿಡಿ. ಖರ್ಚು ಎರಡು ಕಲ್ಲು, ಕಲ್ಲಿಗೆ ನಮ್ಮಲ್ಲಿ ಬರವಿಲ್ಲ. ಉಳಿದ ಹಣದಲ್ಲಿ ಎಂಟನೇ ತರಗತಿಯವರಿಗೆ ಸೈಕಲ್. ಅವರು ಓಡಾಡಿದಷ್ಟು ದಿನ ಆ ದಾರಿಯಲ್ಲಿ ಜಾಲಿ ಬೆಳೆಯುವುದಿಲ್ಲ, ನಿರ್ವಹಣಾ ವೆಚ್ಚ ಅಂತ ಬೇರೆ ಕಾಲಂ ಬೇಕಾಗುವುದಿಲ್ಲ.

ತಮ್ಮ ವಿಶ್ವಾಸಿ,
ಪಂಕ್ಚರ್ ಅಂಗಡಿಯವ

ತಾ.ಕ.: ಆ ಹುಡುಗ ಸಂಜೆ ವಾಪಸ್ ಬಂದ, ಸೈಕಲ್ ತಳ್ಳಿಕೊಂಡು. ಟಾಯರಿನೊಳಗೆ ಟ್ಯೂಬ್ ಇಲ್ಲವಂತೆ, ಬಿಳಿ ಅಂಟು ಇದೆ, ಮುಳ್ಳು ಚುಚ್ಚಿದರೆ ತಾನೇ ಮುಚ್ಚಿಕೊಳ್ಳುತ್ತದೆ ಅಂತ ಬೆಳಿಗ್ಗೆ ಹೇಳಿ ನನ್ನ ಹೊಟ್ಟೆಪಾಡಿಗೇ ಹೆದರಿಸಿದ್ದ. ಬಳ್ಳಾರಿ ಜಾಲಿಗೆ ಆ ವಿಷಯ ಯಾರೂ ತಿಳಿಸಿರಲಿಲ್ಲ. ನನ್ನ ಪಂಪಿನ ಬಾಯಿ ಅವನ ಸಣ್ಣ ವಾಲ್‌ಗೆ ಹೊಂದಲಿಲ್ಲ. ಕೊನೆಗೆ ಮಗಳ ಹಳೇ ಸೈಕಲ್ ಕೊಟ್ಟು ಆನೆಗೊಂದಿಗೆ ಕಳಿಸಿದೆ. ಸ್ಟ್ಯಾಂಡ್ ಇದೆ ಅಂತ ಬಹಳ ಖುಷಿಪಟ್ಟ. ನೀವು ಬರುವಾಗ ಪಂಪು ತನ್ನಿ.