ಭಾವಚಿತ್ರಗಳ ಭಾರ

ಮೂಡಿಗೆರೆ ಕಡೆ ಹೋಂಸ್ಟೇ ನಡೆಸುವ ನನ್ನ ಭಾವನ ವೆಬ್‌ಸೈಟ್ ತೆರೆಯಲಿ ಎಂದು ಕಾದವರಲ್ಲಿ ಅರ್ಧ ಜನ, ಅದು ತೆರೆಯುವಷ್ಟರಲ್ಲಿ ಪಕ್ಕದ ಎಸ್ಟೇಟಿನಲ್ಲಿ ರೂಮು ಹಿಡಿದು, ಕಡುಬು ತಿಂದು, ವಾಪಸ್ಸೂ ಹೋಗಿರುತ್ತಾರೆ. ಇದು ನನ್ನ ಕುಹಕವಲ್ಲ, ಅಕ್ಕನ ಲೆಕ್ಕಾಚಾರ. ಭಾವನ ಪ್ರಕಾರ ತಪ್ಪೆಲ್ಲ ಟವರಿನದು. ಅಂಗಳದ ಹಲಸಿನ ಮರದ ಬುಡದಲ್ಲಿ ನಿಂತರೆ ಮಾತ್ರ ಎರಡು ಕಡ್ಡಿ ಸಿಗ್ನಲ್ ಬರುವ ಊರಿನಲ್ಲಿ ಟವರಿನ ಮೇಲೆ ಏನು ಹೊರಿಸಿದರೂ ನಡೆಯುತ್ತದೆ. ಆದರೆ ಬೆಂಗಳೂರಿನ ನನ್ನ ಫೈಬರ್ ಕನೆಕ್ಷನ್ನಿನಲ್ಲೂ ಆ ಪುಟ ಪಟ್ಟಿಪಟ್ಟಿಯಾಗಿ ಇಳಿಯುತ್ತಿತ್ತು. ಮೊದಲು ಆಕಾಶ. ಆಮೇಲೆ ಇನ್ನಷ್ಟು ಆಕಾಶ. ಗುಡ್ಡದ ತುದಿ ಕಾಣುವ ಹೊತ್ತಿಗೆ ನೋಡುವವನಿಗೆ ವೈರಾಗ್ಯ ಬಂದಿರುತ್ತಿತ್ತು.

ನಮ್ಮ ಬಳಗದಲ್ಲಿ ಕಂಪ್ಯೂಟರ್ ಮುಂದೆ ಕೂತು ಸಂಬಳ ತರುವವನು ನಾನೊಬ್ಬನೇ. ಹಾಗಾಗಿ ಪ್ರಿಂಟರಿಗೆ ಇಂಕು ತುಂಬುವುದರಿಂದ ಹಿಡಿದು ದೊಡ್ಡಮ್ಮನ ಪಾಸ್‌ವರ್ಡ್ ಹುಡುಕುವವರೆಗೆ ಎಲ್ಲವೂ ನನ್ನ ತಲೆಗೇ. ಇದೂ ಬಂತು.

ಬಿಚ್ಚಿ ನೋಡಿದರೆ ಮುಖಪುಟ ಒಂದರಲ್ಲೇ 38 ಫೋಟೋ. ಎಲ್ಲವೂ ಭಾವನ ಹೊಸ ಕ್ಯಾಮೆರಾದಿಂದ ನೇರವಾಗಿ ಬಂದು ಕೂತವು: 6000 ಪಿಕ್ಸೆಲ್ ಅಗಲ, 4000 ಎತ್ತರ, ತಲಾ 8 ಎಂಬಿ. ನೋಡುವವರ ಮೊಬೈಲಿನ ಪರದೆಯ ಅಗಲ 1000 ಚಿಲ್ಲರೆ ಪಿಕ್ಸೆಲ್. ಬ್ರೌಸರ್, ಪಾಪ, 300 ಎಂಬಿ ಇಳಿಸಿಕೊಂಡು, ಒಂದೊಂದನ್ನೂ ತಾನೇ ಕುಗ್ಗಿಸಿ ತೋರಿಸಬೇಕು. ಒಬ್ಬ ಅತಿಥಿಯ ಲೋಟ ಕಾಫಿಗೆ ಇಡೀ ತೋಟವನ್ನು ಲಾರಿಗೆ ಹೇರಿಕೊಂಡು ಬಂದಂತೆ.

"ಭಾವ, ಇವನ್ನೆಲ್ಲ 1200 ಪಿಕ್ಸೆಲ್‌ಗೆ ಇಳಿಸ್ತೀನಿ."

"ಯಾಕೋ? ಲಕ್ಷ ರೂಪಾಯಿ ಕ್ಯಾಮೆರಾ ಕಣೋ ಅದು!"

"ಕ್ಯಾಮೆರಾ ಮುಟ್ಟಲ್ಲ ಭಾವ. ವೆಬ್‌ಸೈಟಲ್ಲಿರೋ ಪ್ರತಿ ಮಾತ್ರ."

"ಎರಡೂ ಒಂದೇ."

ಕಷ್ಟ ಬರೀ ಗಾತ್ರದ್ದಲ್ಲ. ಫೋಟೋಗಳಿಗೆ ಇಂತಿಷ್ಟು ಅಗಲ, ಇಂತಿಷ್ಟು ಎತ್ತರ ಎಂದು ಜಾಗ ಕಾದಿರಿಸಿರಲಿಲ್ಲ. ಬುಕ್ ಮಾಡುವ ಗುಂಡಿಯ ಮೇಲೆ ಗಿರಾಕಿ ಬೆರಳಿಡುವಷ್ಟರಲ್ಲಿ ಮೇಲಿನ ಫೋಟೋ ಬಂದು ಕೂತು, ಗುಂಡಿ ಕೆಳಕ್ಕೆ ಜಾರಿ, ಬೆರಳು ಟೈಗರ್ ಎಂಬ ನಾಯಿಯ ಹೊಟ್ಟೆಯ ಮೇಲೆ ಬೀಳುತ್ತಿತ್ತು. ಒತ್ತಿದರೆ ಟೈಗರ್ ಪರದೆ ತುಂಬ ದೊಡ್ಡದಾಗುತ್ತಿದ್ದ. ಹೀಗೆ ಕೈತಪ್ಪಿದ ಬುಕಿಂಗುಗಳ ಲೆಕ್ಕ ಟೈಗರನಿಗೇ ಗೊತ್ತು. ಪ್ರತಿ ಚಿತ್ರಕ್ಕೂ ಅಳತೆ ಬರೆದೆ, ನಾಯಿ ತೆಪ್ಪಗಾಯಿತು. ಕೆಳಗಿನ ಫೋಟೋಗಳು ನೋಡುಗ ಅತ್ತ ಸರಿದಾಗ ಮಾತ್ರ ಇಳಿಯಲಿ ಎಂದು ಒಂದೊಂದು ಪದ ಸೇರಿಸಿದೆ. 2019ರಿಂದೀಚೆಗೆ ಕ್ರೋಮ್‌ಗೆ ಅಷ್ಟು ಹೇಳಿದರೆ ಸಾಕು. ಕಣ್ಣಿಗೆ ಮೊದಲು ಬೀಳುವ ಗುಡ್ಡಕ್ಕೆ ಮಾತ್ರ ಈ ರಿಯಾಯಿತಿ ಇಲ್ಲ, ಅದು ಓಡಿಬರಲೇಬೇಕು.

ಉಳಿದದ್ದು ಭಾವನ ಮನಸ್ಸನ್ನು ಕುಗ್ಗಿಸುವ ಕೆಲಸ. ಅದಕ್ಕೆ ನೆರವಾದವರು ನಾಸಿರ್ ಅಹ್ಮದ್. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಇಲ್ಲಿಯೇ ಯುವಿಸಿಇಯಲ್ಲಿ ಇಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದವರು.

"ಯುವಿಸಿಇ? ನಮ್ ಕಾಲೇಜಾ?" ಭಾವ ನೆಟ್ಟಗೆ ಕೂತರು. ಅವರದೂ ಅಲ್ಲೇ, ಸಿವಿಲ್ಲು.

ಅಲ್ಲಿಂದ ದಾರಿ ಸಲೀಸು. ನಟರಾಜನ್, ಕೆ. ಆರ್. ರಾವ್ ಜೊತೆ ಸೇರಿ ಅಹ್ಮದ್ 1974ರಲ್ಲಿ ಪ್ರಕಟಿಸಿದ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಇಲ್ಲದಿದ್ದರೆ, 1992ರಲ್ಲಿ ಬಂದ ಜೆಪೆಗ್ ಈ ರೂಪದಲ್ಲಿ ಇರುತ್ತಿರಲಿಲ್ಲ. ಚಿತ್ರವನ್ನು ಎಂಟಕ್ಕೆ ಎಂಟರ ಚೌಕಗಳಾಗಿ ಕತ್ತರಿಸಿ, ಒಂದೊಂದು ಚೌಕದ ಬೆಳಕನ್ನೂ ಅಲೆಗಳ ಲೆಕ್ಕಕ್ಕೆ ಇಳಿಸಿ, ಕಣ್ಣಿಗೆ ನಿಲುಕದ ಸಣ್ಣ ಸಣ್ಣ ಅಲೆಗಳನ್ನು ಕೈಬಿಡುವುದು ಅದರ ಹೂರಣ. ಮೊದಲು ಈ ಯೋಜನೆಗೆ ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಶನ್ ದುಡ್ಡು ಕೊಡಲಿಲ್ಲವಂತೆ, ತೀರಾ ಸರಳವಾಯಿತೆಂದು. "ನಮ್ ಕಾಲೇಜಿನೋರಿಗೆ ಎಲ್ಲ ಕಡೆ ಹೀಗೇ," ಎಂದು ಭಾವ ನಿಟ್ಟುಸಿರಿಟ್ಟು ಒಪ್ಪಿಗೆ ಕೊಟ್ಟರು. ಗುಣಮಟ್ಟ 80ಕ್ಕೆ ಇಟ್ಟು, ಫೋಟೋಗಳನ್ನು ಗೂಗಲ್ 2010ರಲ್ಲಿ ಹೊರತಂದ ವೆಬ್‌ಪಿ ರೂಪಕ್ಕೆ ತಂದೆ. 8 ಎಂಬಿಯ ಗುಡ್ಡ 150 ಕೆಬಿ ಆಸುಪಾಸಿಗೆ ಬಂತು, ಒಂದು ಮರವೂ ಕಡಿಯದೆ. ಹಲಸಿನ ಮರದ ಬುಡದಲ್ಲೂ ಪುಟ ತಟ್ಟನೆ ತೆರೆಯಿತು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಗುಣಮಟ್ಟದ ಆ ಜಾರುಕಡ್ಡಿ ಭಾವನ ಕೈಗೆ ಸಿಕ್ಕಿತು. 80ರಲ್ಲಿ ಇಷ್ಟು ಲಾಭವಾದರೆ 60ರಲ್ಲಿ ಎಷ್ಟು? 30ರಲ್ಲಿ? ಹಳೇ ಆಲ್ಬಮ್ಮನ್ನೆಲ್ಲ ಜೆಪೆಗ್ಗಿನಲ್ಲೇ ಹಿಂಡುತ್ತಾ ಹಿಂಡುತ್ತಾ ಅಕ್ಕನ ಫೋಟೋಗೆ ಬರುವಾಗ 5ಕ್ಕೆ ಇಳಿದಿದ್ದರು. ಕೊಸೈನು ಎಷ್ಟಾದರೂ ತಾಳುತ್ತದೆ, ಆದರೆ 5ಕ್ಕಲ್ಲ. ಎಂಟಕ್ಕೆ ಎಂಟರ ಚೌಕಗಳು ಎದ್ದು ಕಂಡವು. ರೇಷ್ಮೆ ಸೀರೆಯ ಅಂಚು ಚದುರಂಗದ ಮಣೆ, ಕೆನ್ನೆ ಸಿಮೆಂಟ್ ಟೈಲ್ಸು.

"ಏನ್ರೀ ಇದು, ನನ್ನ ಮೂಗುತಿ ಎಲ್ಲಿ?"

"ಅದು ಕಣ್ಣಿಗೆ ನಿಲುಕದ ವಿವರ ಕಣೇ. ವಿಜ್ಞಾನದವರು ತೆಗೀತಾರೆ."

"ಏಳು ಕಲ್ಲಿನ ಮೂಗುತಿ! ನಿಲುಕಲ್ವಾ?"

ಆ ರಾತ್ರಿ ಭಾವನೇ ಫೋನು ಮಾಡಿ, ಇವಳ ಫೋಟೋ ಮಾತ್ರ ಮೊದಲಿನಂತೆ ಹಾಕಿಬಿಡು ಎಂದರು. ಹಾಕಿದ್ದೇನೆ, ಪೂರಾ 8 ಎಂಬಿ. ಮುಖಪುಟದಲ್ಲೇ ಇದೆ, ತೀರಾ ಕೆಳಗೆ, ವಿಳಾಸ ಫೋನ್ ನಂಬರುಗಳನ್ನೂ ದಾಟಿದ ಮೇಲೆ. ಅಕ್ಕ ವೆಬ್‌ಸೈಟ್ ನೋಡುವುದು ಭಾವನ ಫೋನಿನಲ್ಲಿ. ಕೊಡುವ ಮುಂಚೆ ಅವರು ಆ ಫೋಟೋದವರೆಗೆ ಸರಿಸಿ, ಅದು ಪೂರ್ತಿ ಇಳಿಯುವ ತನಕ ಏನೋ ಮಾತಾಡಿಸುತ್ತಾ ಇರುತ್ತಾರೆ.