ಹೊಸ ಮ್ಯಾನೇಜರರ ಕಾರ್ಣಿಕ

ಆಡಳಿತಶಾಸ್ತ್ರದ ಆದ್ಯರಲ್ಲಿ ಒಬ್ಬನೆಂದು ಎಣಿಸಲಾಗುವ ಫ್ರಾನ್ಸಿನ ಗಣಿ ಎಂಜಿನಿಯರ್ ಹೆನ್ರಿ ಫಯೋಲ್, 1916ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಆಡಳಿತಗಾರನ ಕೆಲಸಗಳನ್ನು ಐದೇ ಐದಾಗಿ ವಿಂಗಡಿಸಿದ್ದಾನೆ: ಯೋಜಿಸುವುದು, ಸಂಘಟಿಸುವುದು, ಆಜ್ಞಾಪಿಸುವುದು, ಹೊಂದಿಸುವುದು ಮತ್ತು ನಿಯಂತ್ರಿಸುವುದು. ಬಡ್ತಿಗಾಗಿ ಓದುವವರು ಇಂದಿಗೂ ಈ ಪಟ್ಟಿಯನ್ನು ಬಾಯಿಪಾಠ ಮಾಡುತ್ತಾರೆ; ಆದರೆ ಹಾವೇರಿ ಜಿಲ್ಲೆಯ ದೇವರಗುಡ್ಡದ ಸುತ್ತಮುತ್ತಲ ಯಾವುದಾದರೊಂದು ಗ್ರಾಮೀಣ ಬ್ಯಾಂಕಿನ ಶಾಖೆಗೆ ಮೊದಲ ಸಲ ಮ್ಯಾನೇಜರಾಗಿ ಬಂದವರು, ಬೆಳಿಗ್ಗೆ ಹತ್ತೂವರೆಯೊಳಗೆ ಕರೆಂಟು ಹೋಗಿ, ಪಾಸ್‌ಬುಕ್ ಮುದ್ರಿಸುವ ಯಂತ್ರ ಹಾಳೆ ನುಂಗಿ, ಪಿಂಚಣಿಗೆ ಬಂದ ಅಜ್ಜಿಯರೆಲ್ಲ ಒಟ್ಟಾಗಿ ತಮ್ಮತ್ತಲೇ ನೋಡತೊಡಗಿದಾಗ, ಆರನೆಯದೊಂದು ಕೆಲಸವನ್ನು ಫಯೋಲ್ ಬಿಟ್ಟುಬಿಟ್ಟಿದ್ದಾನೆಂಬುದನ್ನು ಕಂಡುಕೊಳ್ಳುತ್ತಾರೆ. ಅದು, ಏನೂ ಆಗಿಲ್ಲವೆಂಬಂತೆ ಕುಳಿತಿರುವುದು.

ಗ್ರಾಮೀಣ ಬ್ಯಾಂಕುಗಳು, ಅಂದರೆ ಸಣ್ಣ ರೈತರು, ಕೂಲಿಕಾರರು ಮತ್ತು ಕುಶಲಕರ್ಮಿಗಳಿಗೆ ಸಾಲ ಸಿಗಲೆಂದು 1975ರ ಸುಗ್ರೀವಾಜ್ಞೆಯ ಮೂಲಕ ಹುಟ್ಟಿದ ಬ್ಯಾಂಕುಗಳು, ಅಂದಿನಿಂದ ಪರಸ್ಪರ ಕೂಡಿಕೊಳ್ಳುತ್ತಲೇ ಬಂದಿವೆ. ಧಾರವಾಡದಲ್ಲಿ ಪ್ರಧಾನ ಕಚೇರಿಯಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2005ರಲ್ಲಿ ಇಂಥದೇ ಕೂಡಿಕೆಯಿಂದ ರೂಪುಗೊಂಡು, 2025ರ ಮೇ 1ರಿಂದ ಮತ್ತೊಂದು ಕೂಡಿಕೆಯಲ್ಲಿ ಸೇರಿ, ಬಳ್ಳಾರಿ ಕೇಂದ್ರವಾದ ಕರ್ನಾಟಕ ಗ್ರಾಮೀಣ ಬ್ಯಾಂಕಾಯಿತು. ಕೇಂದ್ರಗಳು ಹೀಗೆ ಬದಲಾದರೂ ಹಳ್ಳಿಯ ಶಾಖೆಯಲ್ಲಿ ಮ್ಯಾನೇಜರರ ಕುರ್ಚಿ ಇದ್ದಲ್ಲೇ ಇರುತ್ತದೆ; ಅದರಲ್ಲಿ ಕೂಡುವವರು ಮಾತ್ರ ಹೊಸಬರಾಗಿ ಬರುತ್ತಿರುತ್ತಾರೆ.

ಈ ಹೊಸಬರನ್ನು ಕಾಡುವ ಮೊದಲ ತೊಡಕನ್ನು ಲಾರೆನ್ಸ್ ಪೀಟರ್ ಮತ್ತು ರೇಮಂಡ್ ಹಲ್ ಎಂಬಿಬ್ಬರು 1969ರಲ್ಲಿ ಪೀಟರ್ ತತ್ವವೆಂಬ ಹೆಸರಿನಲ್ಲಿ ನಿರೂಪಿಸಿದರು. ನೌಕರಿಯ ಮೆಟ್ಟಿಲುಗಳಲ್ಲಿ ಪ್ರತಿಯೊಬ್ಬನೂ ತನಗೆ ಬರುವ ಕೆಲಸದಿಂದ ತನಗೆ ಬಾರದ ಕೆಲಸದವರೆಗೆ ಏರಿ ಅಲ್ಲಿ ನಿಲ್ಲುತ್ತಾನೆಂಬುದು ಅದರ ಸಾರ. ನೋಟಿನ ಕಟ್ಟು ಎಣಿಸುವುದರಲ್ಲೂ ದಿನದ ಲೆಕ್ಕ ತಾಳೆ ಮಾಡುವುದರಲ್ಲೂ ಸರಿಸಾಟಿಯಿಲ್ಲವೆನಿಸಿಕೊಂಡ ಗುಮಾಸ್ತರನ್ನು, ಆ ಜಾಣ್ಮೆಯನ್ನು ಮೆಚ್ಚಿ, ಆ ಕೆಲಸದಿಂದಲೇ ಬಿಡಿಸಿ, ಬೇರೆಯವರ ಎಣಿಕೆಯನ್ನು ಕಾಯುವ ಕುರ್ಚಿಯಲ್ಲಿ ಕೂಡಿಸುವುದಕ್ಕೆ ಬಡ್ತಿ ಎನ್ನುತ್ತಾರೆ. ಇದರ ಲಕ್ಷಣ ಮೊದಲ ವಾರದಲ್ಲೇ ಕಾಣಿಸಿಕೊಳ್ಳುತ್ತದೆ: ಕ್ಯಾಷ್ ಕೌಂಟರಿನ ತರುಣನ ನಿಧಾನವನ್ನು ನೋಡಲಾರದೆ ಮ್ಯಾನೇಜರರು ಎದ್ದು ಹೋಗಿ, ಕಟ್ಟನ್ನು ಕಸಿದುಕೊಂಡು ತಾವೇ ಎಣಿಸತೊಡಗುತ್ತಾರೆ, ತರುಣ ವಿನಯದಿಂದ ಜಾಗ ಬಿಟ್ಟು ಮೊಬೈಲ್ ತೆಗೆಯುತ್ತಾನೆ. ತಿಂಗಳು ತುಂಬುವಷ್ಟರಲ್ಲಿ ಶಾಖೆಯಲ್ಲಿ ಒಬ್ಬ ಗುಮಾಸ್ತ ಹೆಚ್ಚಾಗಿ ಒಬ್ಬ ಮ್ಯಾನೇಜರ್ ಕಡಿಮೆಯಾಗಿರುತ್ತಾರೆ.

ಎರಡನೆಯ ತೊಡಕು ಅಧಿಕಾರದ್ದು. ಹಾರ್ವರ್ಡ್‌ನ ವಿದ್ವಾಂಸೆ ಲಿಂಡಾ ಹಿಲ್ ಹತ್ತೊಂಬತ್ತು ಮಂದಿ ಹೊಸ ಮ್ಯಾನೇಜರರನ್ನು ಅವರ ಮೊದಲ ವರ್ಷದುದ್ದಕ್ಕೂ ಗಮನಿಸಿ 1992ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಧಿಕಾರ ಕೈಗೆ ಬಂತೆಂದು ಭಾವಿಸಿ ಬಂದವರು ತಾವು ಎಷ್ಟೆಲ್ಲ ಜನರ ಮರ್ಜಿಯಲ್ಲಿದ್ದೇವೆಂಬುದನ್ನು ಮೊದಲು ಕಲಿಯುತ್ತಾರೆ. ಅಷ್ಟು ದೂರದಲ್ಲಿ ಸಂಶೋಧಿಸಿದ ಈ ಸತ್ಯವನ್ನು ಶಾಖೆಯ ತಿಜೋರಿ ದಿನವೂ ಬೆಳಿಗ್ಗೆ ಬೋಧಿಸುತ್ತದೆ. ಬ್ಯಾಂಕಿನ ನಗದು ಜಂಟಿ ಸುಪರ್ದಿಯಲ್ಲಿರುತ್ತದೆ, ಅಂದರೆ ತಿಜೋರಿಗೆ ಎರಡು ಕೀಲಿಗಳಿದ್ದು, ಒಂದು ಮ್ಯಾನೇಜರರ ಬಳಿಯೂ ಇನ್ನೊಂದು ಕ್ಯಾಷಿಯರರ ಬಳಿಯೂ ಇದ್ದು, ಎರಡೂ ಕೂಡದೆ ಬಾಗಿಲು ತೆರೆಯುವುದಿಲ್ಲ. ಆದಕಾರಣ ಕ್ಯಾಷಿಯರರ ಬಸ್ಸು ರಾಣೆಬೆನ್ನೂರಿನಲ್ಲೇ ತಡವಾದ ದಿನ, ಇಡೀ ಶಾಖೆಯ ಯಜಮಾನರೆನಿಸಿಕೊಂಡವರು ಅರ್ಧ ಅಧಿಕಾರವನ್ನು ಜೇಬಿನಲ್ಲಿಟ್ಟುಕೊಂಡು, ಬಾಗಿಲಲ್ಲಿ ನಿಂತು ರಸ್ತೆ ನೋಡುತ್ತಿರುತ್ತಾರೆ.

ಸಂಬೋಧನೆಯ ತೊಡಕು ಇನ್ನೂ ಸೂಕ್ಷ್ಮವಾದುದು. ಅದೇ ಶಾಖೆಯಲ್ಲಿ ಗುಮಾಸ್ತರಾಗಿದ್ದವರಿಗೇ ಅಲ್ಲಿನ ಕುರ್ಚಿ ಒದಗಿದರೆ, ನಿನ್ನೆಯವರೆಗೆ "ಏನೋ ತಮ್ಮಾ" ಎನ್ನುತ್ತಿದ್ದ ಹಿರಿಯ ಜವಾನರು, ವಯಸ್ಸಿಗೆ ಗೌರವ ಕೊಡಬೇಕೋ ಹುದ್ದೆಗೆ ಕೊಡಬೇಕೋ ತಿಳಿಯದೆ, ಕೆಲವು ದಿನ ಯಾರನ್ನೂ ಯಾವುದರಿಂದಲೂ ಕರೆಯದೆ "ಚಾ ಬಂತು" ಎಂದು ಗೋಡೆಗೆ ಹೇಳಿ ಹೋಗುತ್ತಾರೆ. ಮ್ಯಾನೇಜರರೂ "ಕಾಕಾ, ಆ ಫೈಲು ತರ್ರಿ" ಎನ್ನಲು ಹೋಗಿ, ಕಾಕಾನಿಗೆ ಕೆಲಸ ಹೇಳುವುದು ಸಂಪ್ರದಾಯಕ್ಕೆ ಒಪ್ಪುವುದಿಲ್ಲವೆಂದು ತಾವೇ ಎದ್ದು ಫೈಲು ತರುತ್ತಾರೆ. ಸಂಜೆ ನಾಲ್ಕಕ್ಕೆ ಒಳಕೋಣೆಯಲ್ಲಿ ಮಿರ್ಚಿ ಮಂಡಕ್ಕಿಯ ಸುತ್ತ ನಡೆಯುವ ಮಾತುಕತೆ ಅವರು ಒಳಗೆ ಕಾಲಿಟ್ಟೊಡನೆ ನಿಲ್ಲುತ್ತದೆ. ಮೊದಲಾದರೆ ಮೇಲಿನವರ ಬಗ್ಗೆ ಆಡುವ ಆ ಮಾತಿನಲ್ಲಿ ಅವರದೇ ದೊಡ್ಡ ಪಾಲಿತ್ತು, ಈಗ ಅವರೇ ಅದರ ವಿಷಯ.

ಆದರೆ ಎಲ್ಲಕ್ಕಿಂತ ಗಹನವಾದುದು ಮಾತಿನ ತೊಡಕು, ಮತ್ತು ಅದನ್ನು ಅರಿಯಲು ದೇವರಗುಡ್ಡಕ್ಕಿಂತ ತಕ್ಕ ಸ್ಥಳ ಇನ್ನೊಂದಿಲ್ಲ. ಬ್ಯಾಡಗಿಗೂ ರಾಣೆಬೆನ್ನೂರಿಗೂ ನಡುವಿನ ಈ ಊರಿನ ದೈವ ಮಾಲತೇಶ, ಅಂದರೆ ಮೈಲಾರಲಿಂಗ. ದಸರೆಯ ಆಯುಧಪೂಜೆಯ ದಿನ, ವ್ರತದಲ್ಲಿದ್ದು ಉಪವಾಸ ಮಾಡಿದ ಗೊರವಯ್ಯ, ಎಂದರೆ ಮೈಲಾರಲಿಂಗನ ದೀಕ್ಷೆ ಪಡೆದ ಭಕ್ತ, ನೆಟ್ಟನೆ ನಿಲ್ಲಿಸಿದ ಎತ್ತರದ ಬಿಲ್ಲನ್ನೇರಿ "ಸದ್ದಲೇ" ಎಂದು ಕೂಗಿದೊಡನೆ ನೆರೆದ ಜನಸಾಗರ ಮೌನವಾಗುತ್ತದೆ. ಆತ ಒಂದೇ ಸಾಲಿನ ಭವಿಷ್ಯವಾಣಿಯನ್ನು ನುಡಿದು ಕೆಳಗೆ ಬೀಳುತ್ತಾನೆ, ಭಕ್ತರು ಹಿಡಿದುಕೊಳ್ಳುತ್ತಾರೆ. ಇದೇ ಕಾರ್ಣಿಕ. ಆ ಒಂದು ಸಾಲನ್ನು ರೈತರು ಮಳೆಬೆಳೆಗೆ, ವ್ಯಾಪಾರಿಗಳು ಧಾರಣೆಗೆ, ರಾಜಕಾರಣಿಗಳು ಕುರ್ಚಿಗೆ ಅನ್ವಯಿಸಿ ವರ್ಷವಿಡೀ ಅರ್ಥ ಹೇಳುತ್ತಾರೆ.

ಹೊಸ ಮ್ಯಾನೇಜರರ ಮಾತಿಗೂ ಇದೇ ಗತಿ, ಉಳಿದ ಅನುಕೂಲಗಳು ಮಾತ್ರ ಇಲ್ಲ. ಅವರು ಎಷ್ಟು ಗಟ್ಟಿಯಾಗಿ ಹೇಳಿದರೂ ಶಾಖೆಯ ಸದ್ದು ಅಡಗುವುದಿಲ್ಲ, ಬಿದ್ದರೆ ಹಿಡಿಯಲು ಕೈಗಳಿಲ್ಲ; ಆದರೆ ಅರ್ಥ ಹೇಳುವವರಿಗೆ ಕೊರತೆಯಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಸೋಮವಾರ ಮತ್ತು ಗುರುವಾರ ಟೆಂಡರ್, ಅಂದರೆ ವರ್ತಕರು ತಮ್ಮ ತಮ್ಮ ಬೆಲೆ ನಮೂದಿಸಿ ಕೊಳ್ಳುವ ವ್ಯವಹಾರ, ನಡೆಯುತ್ತದೆ. ಅದರ ಮರುದಿನ ಹಳೆಯ ಬೆಳೆಸಾಲ ಕಟ್ಟಿ ಹೊಸದನ್ನು ಕೇಳಲು ಬಂದ ರೈತರೊಬ್ಬರಿಗೆ ಮ್ಯಾನೇಜರರು, ನಿಯಮಾವಳಿ ಇನ್ನೂ ಪೂರ್ತಿ ಓದಿಲ್ಲದ ಕಾರಣ, "ನೋಡೋಣ್ರಿ" ಎಂದರೆನ್ನಿ. ರೈತರು ಹೊರಗೆ ಬಂದು ಜೊತೆಗಾರನಿಗೆ "ಸಾಲ ಆದಂಗ ತಿಳಕೋ" ಎನ್ನುತ್ತಾರೆ. ಗುಮಾಸ್ತರು ಅರ್ಜಿಯನ್ನು ತಿರಸ್ಕೃತವಾದವುಗಳ ಕಟ್ಟಿಗೆ ಸೇರಿಸುತ್ತಾರೆ. ಬಾಗಿಲ ಬಳಿ ನಿಂತಿದ್ದ ಮೂರನೆಯವರು, ಸಾಹೇಬರಿಗೆ ಯಾರದೋ ಶಿಫಾರಸು ಬೇಕಾಗಿದೆಯೆಂದು ಊರಿಗೆ ಸುದ್ದಿ ಒಯ್ಯುತ್ತಾರೆ. ಗುಮಾಸ್ತರಾಗಿದ್ದಾಗ ದಿನಕ್ಕೆ ಐವತ್ತು ಸಲ ಆಡಿದರೂ ಯಾರೂ ಕಿವಿಗೆ ಹಾಕಿಕೊಳ್ಳದ ಆ ಒಂದು ನುಡಿಗೆ, ಕುರ್ಚಿಯ ಮೇಲಿಂದ ಉದುರಿದ ಮಾತ್ರಕ್ಕೆ ಮೂರು ಭಾಷ್ಯಗಳು ಹುಟ್ಟುತ್ತವೆ.

ಇದಕ್ಕೆ ಪರಿಹಾರ ಕಡಿಮೆ ಮಾತಾಡುವುದೆಂದು ಕೆಲವರು ಮೌನವ್ರತ ಹಿಡಿಯುತ್ತಾರೆ. ಆಗ ಜನ ಅವರ ಮುಖಭಾವಕ್ಕೆ ಅರ್ಥ ಹೇಳತೊಡಗುತ್ತಾರೆ, ಹಲ್ಲುನೋವಿನಿಂದ ಮುಖ ಗಂಟಿಕ್ಕಿದ ದಿನ ವರ್ಗಾವಣೆಯ ಸುದ್ದಿ ಹಬ್ಬುತ್ತದೆ. ಕೆಲಸಕ್ಕೆ ಬರುವ ಮಾರ್ಗ ಇನ್ನೊಂದು: ಹೌದಾದರೆ ಹೌದು, ಅಲ್ಲವಾದರೆ ಅಲ್ಲ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ, ತಿಳಿದು ಶುಕ್ರವಾರ ಹೇಳುತ್ತೇನೆ ಎಂದು ಭಾಷ್ಯಕ್ಕೆ ಎಡೆಯಿಲ್ಲದಂತೆ ಹೇಳಿ, ಆ ಶುಕ್ರವಾರ ತಪ್ಪದೆ ಹೇಳುವುದು. ಇದನ್ನು ಕಲಿಯಲು ಬಿಡುವೆಲ್ಲಿದೆ ಎಂದರೆ, ಆಡಳಿತಶಾಸ್ತ್ರಜ್ಞ ಹೆನ್ರಿ ಮಿಂಟ್ಸ್‌ಬರ್ಗ್ 1973ರ ತನ್ನ ಅಧ್ಯಯನದಲ್ಲಿ ತೋರಿಸಿದಂತೆ, ದೊಡ್ಡ ಸಂಸ್ಥೆಗಳ ಮುಖ್ಯಸ್ಥರ ಕೆಲಸಗಳಲ್ಲೂ ಅರ್ಧದಷ್ಟು ಒಂಬತ್ತು ನಿಮಿಷವನ್ನೂ ದಾಟುತ್ತಿರಲಿಲ್ಲ. ಶಾಖೆಯ ಮ್ಯಾನೇಜರರಿಗೆ ಒಂಬತ್ತು ನಿಮಿಷ ಅಡ್ಡಿಯಿಲ್ಲದೆ ಸಿಕ್ಕಿದರೆ ಅದು ಭಾನುವಾರವೆಂದೇ ತಿಳಿಯಬೇಕು.

ಇಷ್ಟಾದ ಮೇಲೆ, ಹೊಸಬರು ನಿಜವಾಗಿ ಮ್ಯಾನೇಜರಾದುದು ಯಾವಾಗ ಎಂಬ ಪ್ರಶ್ನೆ ಉಳಿಯುತ್ತದೆ. ಪ್ರಧಾನ ಕಚೇರಿಯ ದಾಖಲೆ ಆದೇಶದ ದಿನಾಂಕವನ್ನು ತೋರಿಸುತ್ತದೆ. ಶಾಖೆಯ ಅಭಿಪ್ರಾಯ ಬೇರೆ. ನಾಲ್ಕು ಗಂಟೆಯ ಮಾತು ಅವರು ಒಳಗೆ ಬಂದರೂ ನಿಲ್ಲದೆ ಮುಂದುವರಿದು, ಒಂದು ಮಿರ್ಚಿ ಅವರತ್ತ ಸರಿದು, ಜವಾನ ಕಾಕಾ ಕೊನೆಗೂ ಒಂದು ಸಂಬೋಧನೆಯನ್ನು ಆರಿಸಿಕೊಂಡು, "ಸಾಹೇಬ್ರ, ಇವತ್ತಿಂದು ನಿಮ್ಮ ಲೆಕ್ಕಕ್ಕ ಬರೆಸೇನ್ರಿ" ಎಂದು ಅಂಗಡಿಯ ಬಿಲ್ಲನ್ನು ಮುಂದಿಟ್ಟ ದಿನವೇ ಬಡ್ತಿ ಊರ್ಜಿತವಾದಂತೆ. ಆ ಬಿಲ್ಲಿಗೆ ಮಾತ್ರ "ನೋಡೋಣ್ರಿ" ಎನ್ನುವಂತಿಲ್ಲ.