ನೋವಿಗೂ ಪರವಾನಗಿ

ವಿಶ್ವ ಆರೋಗ್ಯ ಸಂಸ್ಥೆಯು 1986ರಲ್ಲೇ ಕ್ಯಾನ್ಸರ್‌ನ ತೀವ್ರ ನೋವಿಗೆ ಮಾರ್ಫಿನ್, ಅಂದರೆ ಅಫೀಮಿನಿಂದ ಪಡೆಯುವ ನೋವುನಿವಾರಕವನ್ನು ಸೂಚಿಸಿತಾದರೂ, ಅದನ್ನು ಬರೆದುಕೊಡುವ ವೈದ್ಯರನ್ನು ಹುಡುಕುವ ಬಗೆಯನ್ನು ಸೂಚಿಸದ ಕಾರಣ, ಭಾರತದ ಯಾವುದೇ ಊರಿನ ಆಸ್ಪತ್ರೆಯಲ್ಲಿ ಇಂಥ ಸಂವಾದ ನಡೆಯುವುದು ಸಹಜವೇ.

ರೋಗಿಯ ಮಗ: ಡಾಕ್ಟರೇ, ತಂದೆಯವರು ನೋವಿನಿಂದ ರಾತ್ರಿಯೆಲ್ಲ ನರಳುತ್ತಾರೆ, ಮಾರ್ಫಿನ್ ಮಾತ್ರೆ ಬರೆದುಕೊಡುತ್ತೀರಾ?

ವೈದ್ಯರು: ಅದು ಚಟ ಹಿಡಿಸುವ ಮದ್ದಲ್ಲವೇನ್ರೀ? ಗಡ್ಡೆಯೇನೋ ನಮ್ಮ ವಿಭಾಗದ್ದು, ಆದರೆ ಅದರ ನೋವು ಯಾವ ವಿಭಾಗದ್ದೆಂದು ಫಲಕದಲ್ಲಿ ಬರೆದಿಲ್ಲ.

ಮಗ: ಉಳಿದಿರುವುದೇ ಕೆಲವು ತಿಂಗಳೆಂದು ತಾವೇ ಹೇಳಿದಿರಲ್ಲ, ಚಟ ಹಿಡಿಯಲು ಅವರಿಗೆ ಬಿಡುವೆಲ್ಲಿದೆ?

ವೈದ್ಯರು: ಕಾಯಿದೆಗೆ ಅದೆಲ್ಲ ತಿಳಿಯದು, ಪ್ಯಾರಸಿಟಮಾಲ್ ಕೊಟ್ಟು, ಸ್ವಲ್ಪ ತಾಳ್ಮೆ ತಂದುಕೊಳ್ಳಲು ಹೇಳಿ.

ಔಷಧ ಅಂಗಡಿಯವರು: ತಾಳ್ಮೆಯಾದರೆ ಒಳ್ಳೆಯದು ಸಾರ್, ಅದಕ್ಕೆ ರಿಜಿಸ್ಟರ್ ಬರೆಯಬೇಕಿಲ್ಲ.

1985ರ ಮಾದಕ ವಸ್ತು ಕಾಯಿದೆ ಹುಟ್ಟಿಸಿದ ಈ ಅಂಜಿಕೆಯನ್ನು ಕಳೆಯಲೆಂದು ಸಂಸತ್ತು 2014ರಲ್ಲಿ ತಿದ್ದುಪಡಿ ತಂದು, ಹಲವು ಪರವಾನಗಿಗಳ ಬದಲು ರಾಜ್ಯ ಔಷಧ ನಿಯಂತ್ರಕರ ಒಂದೇ ಅನುಮತಿಯಿಂದ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳಲು ದಾರಿ ಮಾಡಿಕೊಟ್ಟಿದೆ. ಅಫೀಮು ಕೊಡುವ ಗಸಗಸೆಯ ಬೆಳೆಗೆ ಸರ್ಕಾರವೇ ಪರವಾನಗಿ ನೀಡುವ ಈ ದೇಶದಲ್ಲಿ, ವೈದ್ಯರ ಧೈರ್ಯಕ್ಕೆ ಮಾತ್ರ ಅದು ಇನ್ನೂ ಸಿಕ್ಕಂತಿಲ್ಲ.